ಜೋಡಿ ಕಟ್ಟಿದ ಮಾವಶಿ

ಮಾವಶಿ ನಿವೃತ್ತರಾದ ದಿನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಒಂದು ಸಮಾರಂಭ ಇಟ್ಟಿದ್ದರು. ನನಗೂ ಸ್ವಲ್ಪ ಮಾತಾಡಲು ಹೇಳಿದ್ದರು. ಇಂಗ್ಲಿಷಿನಲ್ಲಿ ನಾಲ್ಕು ಒಣ ವಾಕ್ಯ ಒದರಿ ಕೂತುಬಿಟ್ಟೆ. ಅವರ ಬಗ್ಗೆ ಇಂಗ್ಲಿಷಿನಲ್ಲಿ ಮಾತಾಡುವುದೆಂದರೆ ಜೋಳದ ರೊಟ್ಟಿಯನ್ನು ಚಮಚದಲ್ಲಿ ತಿಂದ ಹಾಗೆ. ಮುಂದಿನ ಸಾಲಿನಲ್ಲಿ ಹಾರ ಹಾಕಿಕೊಂಡು ಕೂತಿದ್ದ ಅವರು "ಇಷ್ಟ ಏನ?" ಎನ್ನುವಂತೆ ಅಂಗೈ ಮಗುಚಿ ತೋರಿಸಿದರು. ಅವತ್ತು ನುಂಗಿಕೊಂಡದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಮಾವಶಿ ಎಂದರೆ ತಾಯಿಯ ತಂಗಿ. ಅವರು ನನಗೆ ಯಾವ ಕಡೆಯಿಂದಲೂ ಸಂಬಂಧವಲ್ಲ. ಹೈದರಾಬಾದಿನ ಜೀಡಿಮೆಟ್ಲಾದ ಒಂದು ಮಾತ್ರೆ ಕಾರ್ಖಾನೆಯಲ್ಲಿ ಸಿಬ್ಬಂದಿ ವಿಭಾಗದ ಮುಖ್ಯಸ್ಥೆಯಾಗಿದ್ದರು. ನಾನು ಬೇಗಂಪೇಟೆಯ ಒಂದು ಸಣ್ಣ ಕಂಪನಿಯವಳು. ರಜೆ, ಹಾಜರಿ, ಪಾಳಿ, ಬಡ್ತಿ ಇವೆಲ್ಲ ಕಾಗದದ ಮೇಲೆ ನಡೆಯುತ್ತಿದ್ದ ಕಡೆ ಹೋಗಿ, ಅವನ್ನು ಫೋನಿನಲ್ಲೇ ನಡೆಯುವಂತೆ ಮಾಡುವ ತಂತ್ರಾಂಶ ಕೂಡಿಸಿ ಬರುವುದು ನಮ್ಮ ಕೆಲಸ. ತಂತ್ರಾಂಶ ಸಿದ್ಧವಾಗಿಯೇ ಇರುತ್ತದೆ. ಆದರೆ ಒಬ್ಬೊಬ್ಬರ ಮನೆಯ ಪದ್ಧತಿ ಒಂದೊಂದು. ಮೊದಲು ಕೂತು ಕೇಳಬೇಕು, ಆಮೇಲೆ ಅವರ ಪದ್ಧತಿಗೆ ಹೊಂದುವಂತೆ ಅದನ್ನು ತಿರುವಬೇಕು, ಪರೀಕ್ಷೆ ಮಾಡಿ ತೋರಿಸಬೇಕು, ಸಹಿ ಹಾಕಿಸಿಕೊಳ್ಳಬೇಕು. ಹೇಳಲು ಸುಲಭ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಕೂತು ಕೇಳುವ ಭಾಗ ಬಂದಾಗಲೆಲ್ಲ ಗಡಿಯಾರ ನೋಡುವವಳು ನಾನು.

ಮೊದಲ ಸಭೆಯಲ್ಲಿ ಬಣ್ಣಬಣ್ಣದ ಪಟ್ಟಿಗಳಿದ್ದ ಯೋಜನೆಯನ್ನು ಗೋಡೆಯ ಮೇಲೆ ತೋರಿಸಿದೆ. ಮಾತ್ರೆ ಕಂಪನಿಯ ಮುಂಬಯಿ ಮುಖ್ಯ ಕಚೇರಿಯಿಂದ ಯೋಜನೆ ನೋಡಿಕೊಳ್ಳುವ ಸಾಹೇಬರು ಪರದೆಯ ಮೇಲಿದ್ದರು. ಕಾರ್ಖಾನೆಯ ಮುಖ್ಯಸ್ಥರು, ಎಲ್ಲರ ಬಾಯಲ್ಲಿ ಪ್ಲಾಂಟ್ ಹೆಡ್ ಸಾಹೇಬರು, ಎದುರಿಗಿದ್ದರು. ಅವರು ಖಮ್ಮಂ ಕಡೆಯವರು. ಮಾತು ಕಡಿಮೆ, ಹುಬ್ಬು ಜಾಸ್ತಿ. ಎಲ್ಲರೂ ತಲೆದೂಗಿದರು. ಮೂಲೆಯಲ್ಲಿ ಇಳಕಲ್ ಸೀರೆಗೆ ಬಿಳಿ ಕ್ಯಾನ್ವಾಸ್ ಬೂಟು ತೊಟ್ಟು ಕೂತಿದ್ದ ಹೆಂಗಸೊಬ್ಬರು ಮಾತ್ರ ಕೈ ಎತ್ತಿ ಹಿಂದಿಯಲ್ಲಿ ಕೇಳಿದರು: "ಎಲ್ಲ ಚೆನ್ನಾಗಿದೆ. ಆದರೆ ಇದರಲ್ಲಿ ಜಗಳಕ್ಕೆ ಯಾವ ವಾರ ಇಟ್ಟಿದ್ದೀರಿ?"

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಅಷ್ಟರಲ್ಲಿ ನನ್ನ ಫೋನು ಅಲುಗಾಡಿತು. ಅವ್ವ. ಬಾಯಿಗೆ ಕೈ ಅಡ್ಡ ಹಿಡಿದು "ಆಮ್ಯಾಲ ಮಾಡ್ತೀನಿ, ಇಡವಾ" ಎಂದೆ. ಮೂಲೆಯ ಹೆಂಗಸಿನ ಮುಖ ಅರಳಿಬಿಟ್ಟಿತು.

"ಅಯ್ಯ, ನಮ್ಮಾಕಿನ ಅದಾಳ!" ಎಂದು ಸಭೆಯ ನಡುವೆಯೇ ಕೂಗಿದರು. "ಯಾ ಊರವಾ ನಿಮ್ದು?"

"ಮೆಹದಿಪಟ್ಟಣಂ ಮೇಡಂ. ಅಪ್ಪಂದು ಬೀದರ್ ಕಡೆ."

"ಮೇಡಂ ಗೀಡಂ ಬ್ಯಾಡ. ನಾನೂ ಮೆಹದಿಪಟ್ಟಣಂದಾಕಿನ. ನಮ್ಮ ಮುತ್ಯಾ ರಾಯಚೂರಿಂದ ಸರಕಾರಿ ನೌಕರಿಗಂತ ಬಂದಾಂವ, ಹೊಳ್ಳಿ ಹೋಗಲೇ ಇಲ್ಲ. ಮಾವಶಿ ಅನ್ನು. ಈಗ ಜಗಳದ ವಾರ ಬರಿ."

ನಾನು 'ಪಾಲುದಾರರ ಚರ್ಚೆ' ಎಂದು ಒಂದು ಸಾಲು ಸೇರಿಸಿದೆ. ಅವರು ಒಪ್ಪಲಿಲ್ಲ. 'ಜಗಳ' ಎಂದೇ ಬರೆಸಿದರು. ಮುಂಬಯಿ ಸಾಹೇಬರು ಅದೇನು ಶಬ್ದ ಎಂದು ಕೇಳಿದಾಗ "ನಮ್ಮ ಕಡೆಯ ಕಾರ್ಯವಿಧಾನ ಸರ್" ಎಂದು ಗಂಭೀರವಾಗಿ ಉತ್ತರ ಕೊಟ್ಟರು. ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತ ಹೇಳಿದರು. ಅವರು ಕನ್ನಡಕ ತೆಗೆದರೆ ಏನೋ ಕಿತಾಪತಿ ನಡೆದಿದೆ ಎಂದು ಅರ್ಥ. ಅದು ನನಗೆ ಆಮೇಲೆ ತಿಳಿಯಿತು.

ಕಾರ್ಖಾನೆಯವರೆಲ್ಲ ಅವರನ್ನು ಒಂದೊಂದು ಹೆಸರಿನಿಂದ ಕರೆಯುತ್ತಿದ್ದರು. ತೆಲುಗಿನವರಿಗೆ ಅಮ್ಮ, ಉರ್ದುವಿನವರಿಗೆ ಆಪಾ. ಅವರ ಸಿಟ್ಟಿಗೂ ಭಾಷೆಯ ಮೆಟ್ಟಿಲುಗಳಿದ್ದವು. ಸಾಧಾರಣ ಸಿಟ್ಟು ತೆಲುಗಿನಲ್ಲಿ, ಜೋರು ಸಿಟ್ಟು ಉರ್ದುವಿನಲ್ಲಿ. ಕನ್ನಡಕ್ಕೆ ಇಳಿದರೆ ಸಿಟ್ಟು ಮುಗಿಯಿತು, ಇನ್ನು ಚಹಾ ಬರುತ್ತದೆ ಎಂದು ತಿಳಿಯಬೇಕು. ಅವರಿಗೊಂದು ಒಳ್ಳೆಯ ಕ್ಯಾಬಿನ್ ಇತ್ತು. ಅದರಲ್ಲಿ ಕೊಡೆಗಳು, ಯಾರೋ ಬಿಟ್ಟುಹೋದ ಟಿಫಿನ್ ಡಬ್ಬಿಗಳು, ಆಯುಧಪೂಜೆಯಲ್ಲಿ ಉಳಿದ ಕಾಗದದ ಮಾಲೆಗಳು ವಾಸವಾಗಿದ್ದವು. ಅವರು ಮಾತ್ರ ಪಾಳಿ ಬದಲಾಗುವ ಹೊತ್ತಿಗೆ ಗೇಟಿನ ಹತ್ತಿರ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು. ರಜೆ ಬೇಕಾದವನು ಅಲ್ಲೇ ಬಂದು ನಿಲ್ಲುತ್ತಿದ್ದ. ರಜೆ ಸಿಗುವ ಮೊದಲು ಅವನ ಹೆಂಡತಿಯ ಬಿಪಿ, ಮಗಳ ಪರೀಕ್ಷೆ, ಅತ್ತೆಯ ಮೊಣಕಾಲು ಎಲ್ಲದರ ವಿಚಾರಣೆ ಆಗುತ್ತಿತ್ತು. ಅವರಿಗೆ ಸುದ್ದಿಯ ಹುಚ್ಚು ಇತ್ತು. ಒಳ್ಳೆಯತನ ಎಲ್ಲಿ ಮುಗಿದು ಚಪಲ ಎಲ್ಲಿ ಶುರುವಾಗುತ್ತದೆ ಎಂದು ನನಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಇದರಿಂದಲೇ ನಮ್ಮ ಮೊದಲ ಎಡವಟ್ಟು ಆಯಿತು. ಯಾರ ಅರ್ಜಿ ಯಾರಿಗೆ ಹೋಗಬೇಕೆಂದು ತಂತ್ರಾಂಶಕ್ಕೆ ಹೇಳಿಕೊಡಬೇಕಲ್ಲ. ಅದಕ್ಕೆ ಎಲ್ಲ ನೌಕರರನ್ನೂ ಅವರವರ ಭಾಷೆಯಲ್ಲಿ ಒಂದು ಪ್ರಶ್ನೆ ಕೇಳಿದೆವು: ನಿಮ್ಮ ಮೇಲಿನವರು ಯಾರು? ಉತ್ತರಗಳನ್ನೆಲ್ಲ ತುಂಬಿ ಗುಂಡಿ ಒತ್ತಿದೆ. ಪರದೆಯ ಮೇಲೆ ಮರದಂತೆ ಕವಲೊಡೆದ ನಕ್ಷೆ ಮೂಡಬೇಕಿತ್ತು. ಮೂಡಿದ್ದು, ಮೇಲೆ ಮಾವಶಿ ಒಬ್ಬರೇ. ಕೆಳಗೆ ಇಡೀ ಕಾರ್ಖಾನೆ ಒಂದೇ ಸಾಲಿನಲ್ಲಿ. ಎಷ್ಟು ಸರಿಸಿದರೂ ಸಾಲು ಮುಗಿಯದು. ಮೇಲ್ವಿಚಾರಕರ ಕೆಳಗೆ ಒಬ್ಬನೂ ಇಲ್ಲ. ಪ್ಲಾಂಟ್ ಹೆಡ್ ಸಾಹೇಬರ ಡ್ರೈವರ್ ಕೂಡ ಅಮ್ಮನ ಹೆಸರೇ ಬರೆಸಿದ್ದ.

ಒಂದು ವಾರದ ಕೆಲಸ ಮಣ್ಣುಪಾಲಾಯಿತೆಂದು ನನಗೆ ಅಳು ಬಂದಿತ್ತು. ಮಾವಶಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಪರದೆಯ ಫೋಟೋ ತೆಗೆದು ಗಂಡನಿಗೆ ಕಳಿಸಿ, ಕೂಡಲೇ ಫೋನೂ ಮಾಡಿದರು. "ನೋಡ್ರಿ, ಎಲ್ಲಾರೂ ನನ್ನ ಕೈಕೆಳಗ ಬಂದಾರ. ನೀವೊಬ್ಬರ ಬಾಕಿ."

ಆ ಗಂಡ ಮೃದು ಮನುಷ್ಯ. ಒಂದು ಭಾನುವಾರ ಅವರ ಮನೆಗೆ ಊಟಕ್ಕೆ ಹೋದಾಗ ನನ್ನನ್ನು ಪಕ್ಕಕ್ಕೆ ಕರೆದು ದೂರು ಹೇಳಿದರು: "ಏನು ಕಲಿಸಿಟ್ಟಿಯವಾ ನಮ್ಮ ಮನಿಯಾಕಿಗೆ? ಈಗ ಬದನಿಕಾಯಿ ಪಲ್ಯಾ ಮಾಡಿದ್ರೂ ರುಚಿ ನೋಡಿ ಸಹಿ ಹಾಕ್ರಿ ಅಂತಾಳ. ಆಮ್ಯಾಲ ಉಪ್ಪು ಕಡಿಮಿ ಅಂದ್ರ, ಒಪ್ಪಿಗಿ ಕೊಟ್ಟ ಮ್ಯಾಲ ಬದಲಾವಣಿ ಇಲ್ಲ ಅಂತಾಳ." ಒಳಗಿನಿಂದ "ಕೇಳಸಾಕತ್ತೈತ್ರಿ" ಎಂದು ಕೂಗು ಬಂತು. ಪಲ್ಯಕ್ಕೆ ನಿಜವಾಗಿಯೂ ಉಪ್ಪು ಕಡಿಮೆಯಿತ್ತು. ನಾನು ಇನ್ನಷ್ಟು ಬಡಿಸಿಕೊಂಡೆ.

ಜಗಳದ ವಾರ ನಿಜವಾಗಿ ಬಂದದ್ದು ಪಾಳಿಗಳ ನಿಯಮ ಕೂಡಿಸುವಾಗ. ಆ ಕಾರ್ಖಾನೆಯಲ್ಲಿ ಒಂದು ಪದ್ಧತಿಯಿತ್ತು. ರಮ್ಜಾನ್ ತಿಂಗಳಲ್ಲಿ ಮಧ್ಯಾಹ್ನದ ಪಾಳಿಯವರಿಗೆ ಸಂಜೆ ಉಪವಾಸ ಬಿಡುವ ಹೊತ್ತು ಕೆಲಸದ ನಡುವೆ ಬರುತ್ತದೆ. ಯಂತ್ರ ನಿಲ್ಲಿಸುವಂತಿಲ್ಲ. ಆಗ ಆ ಪಾಳಿಯ ಖಾದರನ ಯಂತ್ರಕ್ಕೆ ಬೇರೆ ಪಾಳಿಯ ನರಸಿಂಹುಲು ಬಂದು ನಿಲ್ಲುತ್ತಿದ್ದ. ಖಾದರ್ ಕ್ಯಾಂಟೀನಿಗೆ ಹೋಗಿ, ಸಾಲಿನಲ್ಲಿ ಕೂತು, ರೋಜಾ ಬಿಟ್ಟು, ನಮಾಜು ಮುಗಿಸಿ ಬರುತ್ತಿದ್ದ. ಬೋನಾಲು ಹಬ್ಬ ಬಂದಾಗ ನರಸಿಂಹುಲುವಿನ ಯಂತ್ರಕ್ಕೆ ಖಾದರ್. ಬತುಕಮ್ಮ ಹಬ್ಬದ ಸಂಜೆಗಳಲ್ಲಿ ಪ್ಯಾಕಿಂಗ್ ವಿಭಾಗದ ಹೆಂಗಸರದ್ದೂ ಹೀಗೇ. ಪ್ರತಿಯೊಬ್ಬರಿಗೂ ಒಬ್ಬ ಜೋಡಿ. ಮಾತ್ರೆಯ ಕಾರ್ಖಾನೆಯಲ್ಲಿ ತರಬೇತಿ ಆಗದವರು ಯಂತ್ರ ಮುಟ್ಟುವ ಹಾಗಿಲ್ಲ. ಹಾಗಾಗಿ ಜೋಡಿಗಳಿಗೆ ಪರಸ್ಪರರ ಯಂತ್ರದ ತರಬೇತಿಯನ್ನೂ ಮಾವಶಿಯೇ ಮೊದಲಿನಿಂದ ಕೊಡಿಸುತ್ತ ಬಂದಿದ್ದರು. ಎಲ್ಲವೂ ಬಾಯಿಮಾತಿನಲ್ಲಿ, ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ನಡೆಯುತ್ತಿತ್ತು.

ತಂತ್ರಾಂಶಕ್ಕೆ ಬಾಯಿಮಾತು ಗೊತ್ತಿಲ್ಲ. ಪಾಳಿಯ ನಡುವೆ ಯಂತ್ರ ಬಿಟ್ಟವನು ಗೈರುಹಾಜರು. ಅವನ ಜಾಗದಲ್ಲಿ ಬಂದು ನಿಂತವನು ಅನಧಿಕೃತ. ಎಲ್ಲ ಊರಿನ ಕಾರ್ಖಾನೆಗೂ ಒಂದೇ ನಿಯಮ, ಹೈದರಾಬಾದಿಗೆ ಬೇರೆ ಇಲ್ಲ ಎಂದು ಮುಂಬಯಿ ಸಾಹೇಬರು ಕಡ್ಡಿ ಮುರಿದಂತೆ ಹೇಳಿದರು. ರಮ್ಜಾನಿಗಿಂತ ಸ್ವಲ್ಪ ಮೊದಲೇ ತಂತ್ರಾಂಶ ಶುರುವಾಗಬೇಕೆಂದು ನಿಗದಿಯಾಗಿತ್ತು. ಮಾವಶಿ ಸಹಿ ಹಾಕುವುದಿಲ್ಲ ಎಂದರು.

ಬೇಗಂಪೇಟೆಯಲ್ಲಿ ನಮ್ಮ ಬಾಸ್ ನನ್ನ ಮೇಲೆ ಹರಿಹಾಯ್ದರು: ಸಹಿ ತೆಗೆದುಕೊಂಡೇ ಬಾ. ನಾನು ಆ ಸಿಟ್ಟನ್ನೆಲ್ಲ ಹೊತ್ತುಕೊಂಡು ಜೀಡಿಮೆಟ್ಲಾಕ್ಕೆ ಬಂದು ಮಾವಶಿಯ ಮೇಲೆ ಇಳಿಸಿದೆ. "ನಿಮಗೆ ಹಳೇದ ಬೇಕು ಮಾವಶಿ. ಹೊಸಾದು ಬಂದ್ರ ನಿಮ್ಮ ಕುರ್ಚಿ ಹೋಗ್ತೈತಿ ಅಂತ ಅಂಜಿಕಿ."

ಉರ್ದು ಬರುತ್ತದೆಂದು ಕಾದೆ. ಬಂದದ್ದು ಕನ್ನಡ.

"ಅಲ್ಲವಾ, ನಾ ಮುಂದಿನ ವರ್ಷ ಇಲ್ಲಿ ಇರೂದಿಲ್ಲ. ನಾ ಇರೂತನಕ ನನ್ನ ಬಾಯಿ ನಡೀತು. ಹೊಸಬರು ಬಂದು, ಇದು ಎಲ್ಲಿ ಬರದೈತಿ ತೋರಸ್ರಿ ಅಂದ್ರ, ಈ ಹುಡುಗೂರು ಏನು ತೋರಸಬೇಕು? ನಿನ್ನ ಮಶೀನಿನ್ಯಾಗ ಕುಂತ್ರ ಮಾತ್ರ ಇದು ಉಳೀತೈತಿ. ನನಗ ನಿನ್ನ ಮಶೀನ ಬ್ಯಾಡಾಗಿಲ್ಲ. ನಿನಗಿಂತ ಹೆಚ್ಚು ಬೇಕಾಗೈತಿ."

ತಂತ್ರಾಂಶ ಬೇಡ ಎನ್ನುವವರನ್ನು ಒಲಿಸುವುದು ನನಗೆ ಗೊತ್ತು. ಅದು ಅಷ್ಟು ಬೇಕು ಎನ್ನುವವರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಚಹಾ ಬಂತು. ಚಹಾ ಕುಡಿಯುತ್ತ, ಏನೋ ನೆನಪಾದವರಂತೆ ಅವರು ಕೇಳಿದರು: "ಮಂದಿ ಗೈರುಹಾಜರಾದ್ರ ಸುದ್ದಿ ಯಾರ ಫೋನಿಗೆ ಹೋಗ್ತೈತಿ?"

"ಮುಂಬಯಿ ಸಾಹೇಬರಿಗೆ. ತಮಗೇ ಬರಬೇಕು ಅಂತ ಅವರ ಹೇಳ್ಯಾರ."

"ಹೌದಾ?" ಎಂದು ಕನ್ನಡಕ ತೆಗೆದು ಒರೆಸತೊಡಗಿದರು.

ಒಪ್ಪಿಗೆಯ ಮೊದಲು ಗಿರಾಕಿಯೇ ತಮ್ಮ ಜನರನ್ನು ಕೂಡಿಸಿ ತಂತ್ರಾಂಶವನ್ನು ಪರೀಕ್ಷಿಸಬೇಕು ಎಂದು ನಮ್ಮ ಒಪ್ಪಂದದಲ್ಲೇ ಇದೆ. ಏನನ್ನು ಪರೀಕ್ಷಿಸಬೇಕೆಂಬುದು ಅವರಿಗೇ ಬಿಟ್ಟದ್ದು. ಪರೀಕ್ಷೆಯ ದಿನ ಮಾವಶಿ ಎಲ್ಲ ಜೋಡಿಗಳನ್ನೂ ಕ್ಯಾಂಟೀನಿನಲ್ಲಿ ಸೇರಿಸಿದರು. ಮೇಜುಗಳೇ ಯಂತ್ರಗಳು. ಖರ್ಜೂರದ ತಟ್ಟೆಗಳು ಬಂದವು. "ಈಗ ಸೈರನ್ ಆತು!" ಎಂದು ಮಾವಶಿ ತಾವೇ ಬಾಯಿಂದ, ಉಪವಾಸ ಬಿಡುವ ಹೊತ್ತಿನ ಸೈರನ್ ಕೂಗಿದರು. ಖಾದರನೂ ಉಳಿದವರೂ ಫೋನಿನಲ್ಲಿ ಗುಂಡಿ ಒತ್ತಿ ಎದ್ದು ಹೋಗಿ ಖರ್ಜೂರ ಬಾಯಿಗೆ ಹಾಕಿಕೊಂಡರು. ನರಸಿಂಹುಲುವಿನಂಥವರು ಅವರ ಮೇಜಿಗೆ ಬಂದು ನಿಂತರು. ಎಲ್ಲರ ಫೋನೂ ಕೆಂಪಾಯಿತು.

"ಕ್ಯಾ ಆಪಾ, ರೋಜಾ ರಖೇ ತೋ ಗೈರ್‌ಹಾಜಿರ್?" ಎಂದು, ಉಪವಾಸ ಹಿಡಿದದ್ದೇ ತಪ್ಪೇ ಎನ್ನುವಂತೆ, ಖಾದರ್ ಖರ್ಜೂರ ಅಗಿಯುತ್ತಲೇ ಕೂಗಿದ.

"ಮತ್ತೊಮ್ಮೆ ಮಾಡ್ರಿ, ಯಂತ್ರಕ್ಕ ತಿಳೀಲಿಲ್ಲ ಕಾಣಿಸ್ತೈತಿ" ಎಂದು ಮಾವಶಿ ಮೂರು ಭಾಷೆಯಲ್ಲೂ ಅಪ್ಪಣೆ ಕೊಟ್ಟರು. ಮತ್ತೆ ಸೈರನ್, ಮತ್ತೆ ಖರ್ಜೂರ, ಮತ್ತೆ ಕೆಂಪು. ಖರ್ಜೂರ ಮುಗಿಯುವ ಹೊತ್ತಿಗೆ ಮುಂಬಯಿಯಿಂದ ಫೋನು ಬಂತು. ಸಾಹೇಬರು ಯಾವುದೋ ದೊಡ್ಡ ಸಭೆಯಲ್ಲಿದ್ದರಂತೆ. ಅವರ ಫೋನು ಮೇಜಿನ ಮೇಲೆ ನಿಲ್ಲದೆ ಕುಣಿಯುತ್ತಿತ್ತಂತೆ. ಹೈದರಾಬಾದಿನಲ್ಲಿ ಹರತಾಳವೇನು ಎಂದು ಕೇಳಿದರು.

"ಇಲ್ಲ ಸರ್, ಪರೀಕ್ಷೆ. ರಮ್ಜಾನಿನಲ್ಲಿ ದಿನಾ ಸಂಜೆ ತಮಗೆ ಹೀಗೇ ಬರುತ್ತದೆ. ಚೆನ್ನಾಗಿ ಕೆಲಸ ಮಾಡುತ್ತಿದೆ ಸರ್, ತುಂಬ ಒಳ್ಳೆಯ ತಂತ್ರಾಂಶ" ಎಂದರು ಮಾವಶಿ.

ಆಚೆ ಸಾಹೇಬರು ನಕ್ಕುಬಿಟ್ಟರು. ಅವರಿಗೆ ಆ ನಗೆ ಬಂದದ್ದು ನಮ್ಮ ಪುಣ್ಯ. ಜೋಡಿಯ ನಿಯಮ ಹಾಕಿ, ಆದರೆ ಯಾವ ಧರ್ಮ, ಯಾವ ಹಬ್ಬ ಎಂಬ ಕಾರಣದ ಅಂಕಣ ಇರಲಿ ಎಂದರು. ಮಾವಶಿ ಅದಕ್ಕೂ ಒಪ್ಪಲಿಲ್ಲ. ಫೋನು ಇಟ್ಟ ಮೇಲೆ ನನಗೆ ಹೇಳಿದರು: "ಕಾರಣ ಕೇಳಿದ್ರ ಅದು ಅರ್ಜಿ ಆಗ್ತೈತಿ. ಜೋಡಿಯಾಂವ ಹೂಂ ಅಂದ್ರ ಸಾಕು. ಯಾರಿಗೆ ಎದಕ್ಕ ಬೇಕೋ ಅವರಿಗೆ ಬಿಡು." ಅಂಕಣ ಹಾಕಲಿಲ್ಲ. ಎರಡೇ ಶರತ್ತು ಇಟ್ಟೆವು: ಜೋಡಿ ಒಪ್ಪಿರಬೇಕು, ಆ ಜಾಗದ ತರಬೇತಿ ಆಗಿರಬೇಕು. ಮುಂಬಯಿಗೂ ಅದು ಸಾಕಾಯಿತು. ಮಾವಶಿ ಸಹಿ ಹಾಕಿದರು, ದೊಡ್ಡ ಅಕ್ಷರದಲ್ಲಿ, ಕೆಳಗೆ ಎರಡು ಗೆರೆ ಎಳೆದು.

ಜೋಡಿಗಳನ್ನೆಲ್ಲ ತುಂಬಿ ಮುಗಿಸಿದ ದಿನ ಪರದೆ ಹಸಿರೋ ಹಸಿರು. ಒಂದೇ ಒಂದು ಜಾಗ ಕೆಂಪಗಿತ್ತು.

"ಅದ್ಯಾಕ ಹಂಗ ಕೆಂಪಗೈತಿ?"

"ಗೇಟು ಮಾವಶಿ. ಮೌಲಾ ಚಾಚಾಗ ಜೋಡಿ ಇಲ್ಲ."

ಮೌಲಾ ಚಾಚಾ ಗೇಟಿನ ಕಾವಲುಗಾರ. ಮಧ್ಯಾಹ್ನದ ಪಾಳಿಗೆ ಅವರೊಬ್ಬರೇ. ದಿನಾ ಸಲಾಮು ಮಾಡಿ, ನನ್ನ ಲ್ಯಾಪ್‌ಟಾಪ್ ಚೀಲವನ್ನು ಮೊದಲ ದಿನದಷ್ಟೇ ಸಂಶಯದಿಂದ ತೆಗೆದು ನೋಡುವವರು. ಇಷ್ಟು ವರ್ಷ ಅವರು ರೋಜಾ ಬಿಡುತ್ತಿದ್ದದ್ದು ನಿಂತುಕೊಂಡೇ, ಒಂದು ಕೈ ಗೇಟಿನ ಅಡ್ಡಗಂಬದ ಮೇಲಿಟ್ಟು. ಮಾವಶಿ ತಪ್ಪದೆ ಅವರಿಗೆ ತಟ್ಟೆ ಕಳಿಸುತ್ತಿದ್ದರು. ಇಡೀ ಕಾರ್ಖಾನೆಯ ಅತ್ತೆಯರ ಮೊಣಕಾಲು ಗೊತ್ತಿದ್ದ ಅವರಿಗೆ, ತಮ್ಮ ಕುರ್ಚಿಯ ಪಕ್ಕದಲ್ಲೇ ನಿಂತಿದ್ದ ಮನುಷ್ಯನದು ಹೊಳೆದಿರಲಿಲ್ಲ.

ಮಾವಶಿ ಪರದೆಯ ಆ ಕೆಂಪು ಜಾಗದ ಮೇಲೆ ಬೆರಳಿಟ್ಟರು. "ಖಜೂರ ಕಳಿಸಿದ್ನೆವ್ವಾ" ಎಂದರು ಆಮೇಲೆ, ಸಣ್ಣ ದನಿಯಲ್ಲಿ. "ಕುಂತು ತಿನ್ರಿ ಅನ್ಲಿಲ್ಲ." ಮರುದಿನ ಮಧ್ಯಾಹ್ನ ನೋಡಿದರೆ ಗೇಟಿನಲ್ಲಿ ಚಾಚಾನ ಪಕ್ಕ ನಿಂತು, ಗಾಡಿಗಳ ಡಿಕ್ಕಿ ಹೇಗೆ ನೋಡಬೇಕು, ಚೀಟಿ ಹೇಗೆ ಕೇಳಬೇಕು ಎಂದು ತರಬೇತಿ ತೆಗೆದುಕೊಳ್ಳುತ್ತಿದ್ದರು.

ರಮ್ಜಾನಿನ ಮೊದಲ ಸಂಜೆ ನಾನು ಅಲ್ಲಿದ್ದೆ. ಹೊಸ ತಂತ್ರಾಂಶ ಎಲ್ಲಾದರೂ ಕೈಕೊಟ್ಟರೆ ಎಂಬ ಭಯ. ನಿಜವಾದ ಸೈರನ್ ಆಯಿತು. ಫೋನುಗಳು ಹಸಿರಾಗುತ್ತ ಹೋದವು. ಮೌಲಾ ಚಾಚಾ ಕ್ಯಾಂಟೀನಿನ ಸಾಲಿನಲ್ಲಿ ಖಾದರನ ಪಕ್ಕ ಕೂತರು. ಎಲ್ಲಿ ಕೈ ಇಡಬೇಕೆಂದು ತಿಳಿಯದವರಂತೆ ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಹೊರಗೆ ಸೀಟಿಯ ಸದ್ದು ಕೇಳಿ ಓಡಿಹೋಗಿ ನೋಡಿದೆ. ಇಳಕಲ್ ಸೀರೆ, ಕ್ಯಾನ್ವಾಸ್ ಬೂಟು, ಕೊರಳಲ್ಲಿ ಸೀಟಿ. ಮಾವಶಿ ಪ್ಲಾಂಟ್ ಹೆಡ್ ಸಾಹೇಬರ ಕಾರನ್ನೇ ತಡೆದು ನಿಲ್ಲಿಸಿದ್ದರು.

"ಡಿಕ್ಕಿ ತೆಗೀಬೇಕು ಸರ್. ಎಲ್ಲರಿಗೂ ಒಂದೇ ನಿಯಮ" ಎಂದರು ತೆಲುಗಿನಲ್ಲಿ. ಸಾಹೇಬರು ಹುಬ್ಬು ಗಂಟಿಕ್ಕಿದರು. ಕ್ಯಾಂಟೀನಿನ ಕಡೆ ಒಮ್ಮೆ ನೋಡಿದರು. ಇಳಿದು ಹೋಗಿ ತಾವೇ ಡಿಕ್ಕಿ ತೆಗೆದರು.

ಮಾವಶಿ ನಿವೃತ್ತರಾದ ಮರುದಿನ ತಂತ್ರಾಂಶ ತನ್ನ ನಿಯಮದಂತೆ ಅವರ ಹೆಸರನ್ನು ಎಲ್ಲ ಕಡೆಯಿಂದ ತೆಗೆದುಹಾಕಿತು. ಗೇಟು ಮತ್ತೆ ಕೆಂಪಾಯಿತು. ರಮ್ಜಾನ್ ಹತ್ತಿರ ಬರುತ್ತಿತ್ತು. ಹೊಸ ಅಧಿಕಾರಿಗೆ ನೆನಪಿಸೋಣವೆಂದು ನಾನು ಅಂದುಕೊಳ್ಳುವಷ್ಟರಲ್ಲಿ ಪ್ಲಾಂಟ್ ಹೆಡ್ ಸಾಹೇಬರೇ ಫೋನು ಮಾಡಿದರು. ದನಿಯಲ್ಲಿ ಸಿಟ್ಟಿತ್ತು. "ಗೇಟಿನ ಜೋಡಿಗೆ ನನ್ನ ಹೆಸರು ಹಾಕುತ್ತಿದ್ದೇನೆ, ನಿಮ್ಮ ತಂತ್ರಾಂಶ ತೆಗೆದುಕೊಳ್ಳುತ್ತಿಲ್ಲ, ಏನಾಗಿದೆ ಅದಕ್ಕೆ?" ಎಂದರು.

ನೋಡಿದೆ. "ಸರ್, ಅದು ಸರಿಯಾಗಿಯೇ ಇದೆ. ನಿಮಗೆ ಗೇಟಿನ ತರಬೇತಿ ಆಗಿಲ್ಲ."

ಆ ತಡೆ ತೆಗೆದುಹಾಕು ಎಂದು ಹುಕುಂ ಬರುತ್ತದೆ ಎಂದುಕೊಂಡೆ. ತೆಗೆಯಲು ನನಗೆ ಬರುತ್ತಿತ್ತು. ಸಾಹೇಬರು ಮಾತ್ರ "ತರಬೇತಿ ಯಾರು ಕೊಡುತ್ತಾರೆ?" ಎಂದು ಕೇಳಿದರು.

ಆ ವಾರವೇ ಏನೋ ನೆಪ ಮಾಡಿಕೊಂಡು ಜೀಡಿಮೆಟ್ಲಾಕ್ಕೆ ಹೋದೆ. ಸಾಹೇಬರು ಅಂಗಿಯ ತೋಳು ಮಡಚಿ ಗೇಟಿನಲ್ಲಿ ನಿಂತಿದ್ದರು. ಕೊರಳಲ್ಲಿ ಸೀಟಿ. ಮೌಲಾ ಚಾಚಾ ಕೈ ಹಿಂದೆ ಕಟ್ಟಿಕೊಂಡು ಪಕ್ಕದಲ್ಲಿದ್ದರು. ಗುರುತಿನವರ ಕಾರೊಂದು ಬಂತು. ಸಾಹೇಬರು ಮುಗುಳ್ನಕ್ಕು ಒಳಗೆ ಬಿಟ್ಟರು. ಡಿಕ್ಕಿ ನೋಡದೇ ಬಿಟ್ಟದ್ದಕ್ಕೆ ಚಾಚಾ ಅಡ್ಡಡ್ಡ ತಲೆಯಾಡಿಸಿದರು. "ನಕ್ಕೋ ಸಾಬ್. ಡಿಕ್ಕಿ ದೇಖೇಚ್ ನೈ. ಫಿರ್ ಸೇ."

ಮರೆಯಲ್ಲಿ ನಿಂತು ಮಾವಶಿಗೆ ವಿಡಿಯೋ ಕರೆ ಮಾಡಿ, ಮಾತಿಲ್ಲದೆ ಫೋನನ್ನು ಗೇಟಿನ ಕಡೆ ತಿರುಗಿಸಿ ಹಿಡಿದೆ. ಸಾಹೇಬರು ಸೀಟಿ ಊದುತ್ತ ಹೋಗಿ ಆ ಕಾರನ್ನು ಹಿಂದಕ್ಕೆ ಕರೆದರು. ಫೋನನ್ನು ನನ್ನ ಕಡೆ ತಿರುಗಿಸಿ ನೋಡಿದರೆ, ಮಾವಶಿ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದರು.

"ಲಗೂನ ಪಾಸ್ ಮಾಡಬ್ಯಾಡ ಅಂತ ಚಾಚಾಗ ಹೇಳವಾ" ಎಂದರು. "ಇನ್ನೊಂದು ನಾಕು ದಿನ ಸೀಟಿ ಹೊಡೀಲಿ."